ಸಿಗಡಿ ಹಚ್ಚದ ಭಾನುವಾರ

ಎಲ್ಲ ಶುರುವಾದದ್ದು ಡಾಕ್ಟರು ಕೇಳಿದ ಒಂದು ಸಾದಾ ಪ್ರಶ್ನೆಯಿಂದ. ಊಟ ಯಾವಾಗ ಮಾಡುತ್ತೀ ಎಂದು ಅವರು ಕೇಳಿದರು. ಸುಂದ್ರವ್ವನನ್ನು ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ನಳದ ಮುಂದೆ ಕೊಡ ಎತ್ತುವಾಗ ಅವಳು ಕಣ್ಣು ಕತ್ತಲೆಗಟ್ಟಿ ಕುಸಿದುಬಿಟ್ಟಿದ್ದಳು. ಬಿದ್ದದ್ದು ಅವಳೂ ಹೌದು, ಕೊಡವೂ ಹೌದು. ಸಾಲಿನಲ್ಲಿ ನಿಂತವರು ಮೊದಲು ಎತ್ತಿದ್ದು ಕೊಡವನ್ನು. ಮುಂಬಯಿಯ ಬೈಕುಲ್ಲಾದ ಚಾಳಿನಲ್ಲಿ, ಒಂದೊಂದು ಕೋಣೆಯ ಆ ವಠಾರದಲ್ಲಿ, ನೀರಿನ ಮುಂದೆ ಮನುಷ್ಯರದು ಯಾವಾಗಲೂ ಎರಡನೇ ನಂಬರು. ಪಕ್ಕದ ಖೋಲಿಯ ವಿನೋದಿನಿ ಮಾತ್ರ ಮುಖಕ್ಕೆ ನೀರು ಹೊಡೆದು, ಎಬ್ಬಿಸಿ, ದವಾಖಾನೆಗೆ ನಡೆಸಿಕೊಂಡು ಹೋದಳು. ಉಡುಪಿ ಕಡೆಯ ಹೆಂಗಸು, ಗಂಡ ಶೇಖರ ಹೋಟೆಲಿನಲ್ಲಿ ಅಡುಗೆಭಟ್ಟ, ಮಾತು ಸ್ವಲ್ಪ ಜಾಸ್ತಿ, ಕರುಳೂ ಜಾಸ್ತಿ.

"ಖಾನಾ ಕಬ್ ಖಾತೀ ಹೋ, ಬಾಯಿ?" ಎಂದರು ಡಾಕ್ಟರು.

ಇಪ್ಪತ್ತೆರಡು ವರ್ಷ ಮುಂಬಯಿಯ ನೀರು ಕುಡಿದ ಸುಂದ್ರವ್ವನಿಗೆ ಹಿಂದಿ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. "ಎಲ್ಲಾರ್ದೂ ಆದಮ್ಯಾಗ್ರೀ," ಎಂದಳು. ವಿನೋದಿನಿ ಅದನ್ನು ಹಿಂದಿಗೆ ತಿರುಗಿಸಿದಳು.

ಎಲ್ಲರದೂ ಯಾವಾಗ ಆಗುತ್ತದೆ ಎಂದು ಡಾಕ್ಟರು ಮತ್ತೆ ಕೇಳಿದರು.

"ಮೂರು ಹೊಡೀತೈತ್ರೀ. ಒಮ್ಮೊಮ್ಮಿ ಆಗಂಗೇ ಇಲ್ಲ."

ಡಾಕ್ಟರು ನಾಡಿ ಬಿಟ್ಟು ಅವಳ ಮುಖ ನೋಡಿದರು. "ಬೀಮಾರಿ ಕುಛ್ ನಹೀಂ," ಎಂದರು. "ಟೈಮ್ ಪೇ ಖಾವ್, ಬೈಠ್ ಕೇ ಖಾವ್, ಗರಮ್ ಖಾವ್. ಅಪನಾ ಖಯಾಲ್ ರಖೋ." ರೋಗವೇನಿಲ್ಲ, ಹೊತ್ತಿಗೆ ಸರಿಯಾಗಿ ಕುಳಿತು ಬಿಸಿಯದನ್ನು ಉಣ್ಣು, ನಿನ್ನ ಕಾಳಜಿ ನೀನು ಮಾಡಿಕೋ ಎಂದು ಹೇಳಿ, ವಿನೋದಿನಿ ಮನೆಯಿಂದ ತಂದಿದ್ದ ಬಾಟಲಿಗೆ ಕೆಂಪು ಔಷಧಿ ಹಾಕಿಸಿ ಕಳಿಸಿದರು. ಔಷಧಿಯ ಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಸುಂದ್ರವ್ವನ ಗಂಡ ಖಂಡಪ್ಪ ಅದನ್ನು ಒಂದು ಚಮಚ ನೆಕ್ಕಿ ನೋಡಿದ. ಸಿಹಿಯಾಗಿತ್ತು. ಇದು ಮೊಣಕಾಲು ನೋವಿನದೇ ಇರಬೇಕು ಎಂದು ತೀರ್ಮಾನಿಸಿದ. ಮೊಣಕಾಲು ನೋವು ಇದ್ದದ್ದು ಅವನಿಗೆ. ಸಂಜೆಯೊಳಗೆ ಅರ್ಧ ಬಾಟಲಿ ಇಳಿದಿತ್ತು.

ಸುಂದ್ರವ್ವ ಇಂಡಿ ತಾಲೂಕಿನವಳು. ಖಂಡಪ್ಪ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುವವನು. ಹತ್ತು ಅಡಿ ಅಗಲದ ಆ ಒಂದೇ ಖೋಲಿಯಲ್ಲಿ ಸುಂದ್ರವ್ವ ಖಾನಾವಳಿ ನಡೆಸುತ್ತಿದ್ದಳು. ಊರಲ್ಲಿ ಹೆಂಡಿರನ್ನು ಬಿಟ್ಟು ಗಿರಣಿಗೆ ಬಂದ ಆರು ಮಂದಿ ಗಂಡಸರು ಎರಡೂ ಹೊತ್ತು ಅಲ್ಲಿ ಉಣ್ಣುತ್ತಿದ್ದರು. ಅವರಿಗೆ ಜೋಳದ ರೊಟ್ಟಿಯೇ ಆಗಬೇಕು, ಅದೂ ಹಂಚಿನಿಂದ ನೇರ ತಾಟಿಗೆ ಬೀಳಬೇಕು. ಒಬ್ಬ ಒಂದು ತುತ್ತು ನುಂಗುವಷ್ಟರಲ್ಲಿ ಇನ್ನೊಬ್ಬನ ತಾಟು ಬರಿದು. ಹೀಗಾಗಿ ರೊಟ್ಟಿ ಬಡಿಯುವವಳು ಉಣ್ಣುವುದು ಕಡೆಗೆ, ಸಿಗಡಿ ಒಲೆಯ ಇದ್ದಿಲು ಬೂದಿಯಾದ ಮೇಲೆ. ಉಳಿದದ್ದು ಒಂದು ಸೆಟೆದ ರೊಟ್ಟಿ, ಇಲ್ಲವೇ ನಾಲ್ಕು ಚೂರು. ಇದರಲ್ಲಿ ಯಾರದೂ ದುಷ್ಟತನವಿರಲಿಲ್ಲ. ಯಾರಿಗೂ ಆ ಕಡೆ ಲಕ್ಷ್ಯವೇ ಇರಲಿಲ್ಲ, ಅಷ್ಟೆ.

ಅಂದು ಮೂರು ಗಂಟೆಗೆ ಅವಳು ತಣ್ಣಗಿನ ರೊಟ್ಟಿಯನ್ನು ಮುರಿಯುತ್ತ ಕುಳಿತಾಗ ಡಾಕ್ಟರ ಮಾತು ನೆನಪಾಯಿತು. ಬಿಸಿ ರೊಟ್ಟಿ ತಾನು ಉಂಡದ್ದು ಯಾವಾಗ ಎಂದು ಹಿಂದೆ ಹಿಂದೆ ಹೋದಳು. ಬಾಣಂತನಕ್ಕೆ ತವರಿಗೆ ಹೋದಾಗ ಅವ್ವ ಬಡಿದು ಹಾಕಿದ್ದಳು. ಆಗ ಹುಟ್ಟಿದ ಮಗಳು ಈಗ ಸೊಲ್ಲಾಪುರದಲ್ಲಿ ಎರಡು ಮಕ್ಕಳ ತಾಯಿ. ಸುಂದ್ರವ್ವನಿಗೆ ಅಯ್ಯೋ ಪಾಪ ಅನ್ನಿಸಿತು, ಅದೂ ತನ್ನ ಬಗ್ಗೆ ತನಗೇ. ಅಂಥ ಅನುಭವ ಹೊಸದಾದ್ದರಿಂದ ಎರಡು ಹನಿ ಕಣ್ಣೀರೂ ಬಂತು.

"ನಾಳಿ ಐತವಾರ ನಾ ಸಿಗಡಿ ಹಚ್ಚಂಗಿಲ್ರೀ," ಎಂದು ಗಂಡನಿಗೆ ಹೇಳಿದಳು. "ಯಾರರ ಒಂದ ಬಿಸಿ ರೊಟ್ಟಿ ಬಡದ ಕೊಟ್ರ ಕುಂತು ಉಣ್ಣಾಕಿ. ಒಂದ ದಿನ."

"ಹೂಂ, ಹಂಗ ಮಾಡು," ಎಂದ ಖಂಡಪ್ಪ. ಅವನು ತಂಬಾಕಿಗೆ ಸುಣ್ಣ ತಿಕ್ಕುತ್ತಿದ್ದ. ಸುಣ್ಣ ತಿಕ್ಕುವಾಗ ಅವನು ಎಲ್ಲದಕ್ಕೂ ಹೂಂ ಅನ್ನುತ್ತಿದ್ದ.

ಭಾನುವಾರ ಬೆಳಗಾಯಿತು. ಸುಂದ್ರವ್ವ ನೀರು ತುಂಬಿದಳು, ಕಸ ಗುಡಿಸಿದಳು, ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡಳು. ಆಮೇಲೆ ಸುತ್ತಿಟ್ಟ ಹಾಸಿಗೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕುಳಿತಳು. ಖಂಡಪ್ಪ ಸಂತೆ ಮಾಡಿಕೊಂಡು ಬರಲು ಹೋಗಿದ್ದ. ಖೋಲಿಯಲ್ಲಿ ಹೊಗೆ ಇರಲಿಲ್ಲ, ಸದ್ದಿರಲಿಲ್ಲ. ಗೋಡೆಯ ಬಣ್ಣ ಹಸಿರು ಎಂದು ಅವಳಿಗೆ ಅವತ್ತು ಗೊತ್ತಾಯಿತು. ಅರ್ಧ ತಾಸು ಹಾಗೆ ಕುಳಿತದ್ದು ಎಷ್ಟು ಹಿತವಾಗಿತ್ತೆಂದರೆ, ಇದರಲ್ಲಿ ಏನೋ ತಪ್ಪಿದೆ ಎಂದು ಹೆದರಿಕೆಯೂ ಆಯಿತು.

ಹತ್ತಕ್ಕೆ ಚಂದ್ರಾಮ ಬಂದ. ಆರು ಮಂದಿಯಲ್ಲಿ ಹಸಿವೆ ತಡೆಯದವನು ಅವನೇ, ಹೀಗಾಗಿ ಮುಂದಾಳೂ ಅವನೇ. ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಒಳಗೆ ನೋಡಿದ. ಸಿಗಡಿ ತಣ್ಣಗೆ ಮೂಲೆಯಲ್ಲಿತ್ತು. ಅವನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವ ಸುಂದ್ರವ್ವ ಗೋಡೆ ನೋಡುತ್ತ ಕುಳಿತಿದ್ದಳು. ಕಣ್ಣು ಸ್ವಲ್ಪ ಊದಿದ್ದವು.

ನಮ್ಮ ಕಡೆ ಮನೆಯಲ್ಲಿ ಒಲೆ ಹಚ್ಚದೆ ಇರುವುದು ಒಂದೇ ಸಂದರ್ಭದಲ್ಲಿ. ಚಂದ್ರಾಮ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು, ಟೊಪ್ಪಿಗೆ ತೆಗೆದು, ದನಿ ಇಳಿಸಿ ಕೇಳಿದ. "ವೈನಿ, ಯಾವಾಗ ಆತ್ರಿ?"

"ನಿನ್ನೆ ಮುಂಜಾನಿ," ಎಂದಳು ಸುಂದ್ರವ್ವ. ನಳದ ಹತ್ತಿರ ಬಿದ್ದದ್ದನ್ನು ಕೇಳುತ್ತಿದ್ದಾನೆ ಎಂದುಕೊಂಡಿದ್ದಳು.

"ತ್ರಾಸ ಭಾಳ ಆಗಿತ್ತೇನ್ರಿ?"

"ಏನಿಲ್ಲಪ್ಪ. ಕಣ್ಣು ಕತ್ತಲಿ ಬಂತು, ಅಷ್ಟ. ಗೊತ್ತ ಆಗ್ಲಿಲ್ಲ."

"ಪುಣ್ಯವಂತರ ಮರಣ," ಎಂದು ಚಂದ್ರಾಮ ನಿಟ್ಟುಸಿರು ಬಿಟ್ಟು ತಿರುಗಿ ನಡೆದ. ಸುಂದ್ರವ್ವನಿಗೆ ಅವನು ಕಡೆಗೆ ಏನಂದ ಎಂದು ಕೇಳಿಸಲಿಲ್ಲ. ಪಾಪ, ವಿಚಾರಿಸಿಕೊಂಡು ಹೋದ ಎಂದು ಸಮಾಧಾನಪಟ್ಟಳು.

ಸತ್ತವರು ಯಾರೆಂದು ಅವನು ಕೇಳಿರಲಿಲ್ಲ. ಕೇಳುವ ಅಗತ್ಯ ಚಾಳಿಗೂ ಬೀಳಲಿಲ್ಲ. ಖಂಡಪ್ಪನ ತಾಯಿ ಊರಲ್ಲಿ ಎಂಬತ್ತು ದಾಟಿದ್ದಳು. ಇಡೀ ಬಂಧುಬಳಗದಲ್ಲಿ ಸಾಯಲು ಅವಳಷ್ಟು ಅರ್ಹತೆ ಬೇರೆ ಯಾರಿಗೂ ಇರಲಿಲ್ಲ. ಮೂರನೇ ಮಾಳಿಗೆಗೆ ಸುದ್ದಿ ಮುಟ್ಟುವ ಹೊತ್ತಿಗೆ ಮುದುಕಿ ರಾತ್ರಿ ಹಾಲು ಕುಡಿದು, ಮಗನ ಹೆಸರು ಹೇಳಿ ಪ್ರಾಣ ಬಿಟ್ಟಿದ್ದಳು. ತಾರು ಬಂದದ್ದನ್ನು ಯಾರೂ ನೋಡಿಲ್ಲವಲ್ಲ ಎಂದು ಒಬ್ಬರು ತಕರಾರು ತೆಗೆದರು. "ಐತವಾರ ತಾರು ತಡಾ ಆಗತಾವ, ಸುದ್ದಿಗೆಲ್ಲಿ ಸೂಟಿ?" ಎಂದು ಇನ್ನೊಬ್ಬರು ಬಾಯಿ ಮುಚ್ಚಿಸಿದರು.

ಹನ್ನೊಂದಕ್ಕೆ ಎದುರು ಖೋಲಿಯ ರಾಚವ್ವ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಎಲ್ಲರೂ ತಲೆಯ ಮೇಲೆ ಸೆರಗು ಹೊದ್ದಿದ್ದರು. ರಾಚವ್ವನ ಕೈಯಲ್ಲಿ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ. ಸಾವಿನ ಮನೆಗೆ ನೆರೆಯವರು ಬುತ್ತಿ ತರಬೇಕು, ಅದು ಪದ್ಧತಿ. ಬುಟ್ಟಿಯನ್ನು ಸುಂದ್ರವ್ವನ ಮುಂದಿಟ್ಟು ಬಟ್ಟೆ ಸರಿಸಿದಳು. ಹಂಚಿನಿಂದ ಆಗಷ್ಟೇ ಇಳಿದ ಜೋಳದ ರೊಟ್ಟಿ, ಇನ್ನೂ ಉಬ್ಬಿಕೊಂಡೇ ಇದ್ದವು. ಮೇಲೆ ಪುಂಡಿಪಲ್ಯ, ಬೆಳ್ಳುಳ್ಳಿ ಒಗ್ಗರಣೆ. ಹಬೆ ಸುಂದ್ರವ್ವನ ಮೂಗಿಗೆ ಬಡಿದು ಬಾಯಲ್ಲಿ ನೀರು ಬಂತು, ಕಣ್ಣಲ್ಲೂ ಬಂತು.

"ನನ್ನ ಮನಸಿನಾಗಿಂದು ನಿಮಗ ಹ್ಯಾಂಗ ತಿಳೀತ್ರಿ?" ಎಂದಳು.

"ಇದೇನ ಹೇಳೂ ಮಾತೇನವ್ವ, ತಿಳಿಯೂದ," ಎಂದು ರಾಚವ್ವ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. "ಇಷ್ಟ ದಿನ ಎಲ್ಲಾ ಮಂದಿಗೆ ಉಣ್ಣಿಸಿದಾಕಿ ನೀ. ಇವತ್ತ ನಾವು ಉಣಸ್ತೀವಿ. ಆದ್ರ ಮೊದಲ ಅತ್ತು ಎದಿ ಹಗುರ ಮಾಡ್ಕೊ. ಎಷ್ಟಂದ್ರೂ ಗಂಡನ್ನ ಹಡದಾಕಿ."

ಆಗ ಸುಂದ್ರವ್ವನಿಗೆ ವಿಷಯ ಹೊಳೆಯಿತು. ಅವಳ ಕೈ ಬುಟ್ಟಿಯಿಂದ ಒಂದು ಗೇಣು ದೂರದಲ್ಲಿತ್ತು. ಒಂದು ಸಲ ಹೂಂ ಅಂದರೆ ಸಾಕು, ನಾಲ್ಕು ಹನಿ ಕಣ್ಣೀರು ಹಾಕಿದರೆ ಸಾಕು, ಬಿಸಿ ರೊಟ್ಟಿ ಅವಳದಾಗುತ್ತಿತ್ತು. ಅತ್ತೆಯನ್ನು ಅವಳು ಮನಸ್ಸಿನಲ್ಲಿ ಎಷ್ಟೋ ಸಲ ಮಣ್ಣು ಮಾಡಿದ್ದುಂಟು, ಸುಳ್ಳೇಕೆ ಹೇಳಲಿ. ಆದರೆ ರೊಟ್ಟಿಯ ಆಸೆಗೆ ಬಹಿರಂಗವಾಗಿ ಸಾಯಿಸಲು ಅವಳ ನಾಲಗೆ ಹೊರಳಲಿಲ್ಲ.

"ಅತ್ತಿ ಸತ್ತಿಲ್ರೀ," ಎಂದಳು.

ಹೆಂಗಸರ ಅಳು ಅರ್ಧಕ್ಕೆ ನಿಂತಿತು. "ಮತ್ತ ಯಾರ ಸತ್ತಾರ?" ಎಂದಳು ರಾಚವ್ವ.

"ಯಾರೂ ಸತ್ತಿಲ್ರೀ. ಡಾಕ್ಟರು ಬಿಸೀದು ಕುಂತು ಉಣ್ಣಬೇಕು ಅಂದಾರ. ಅದಕ್ಕ ಇವತ್ತ ಸಿಗಡಿ ಹಚ್ಚಿಲ್ಲ."

ಇದೇ ಹೊತ್ತಿಗೆ ಕೆಳಗಿನ ಮೆಟ್ಟಿಲ ಕಡೆಯಿಂದ "ನನ್ನವ್ವಾ" ಎಂದು ದೊಡ್ಡ ಗೋಳು ಕೇಳಿಸಿತು. ಖಂಡಪ್ಪ ಸಂತೆಯಿಂದ ಬಂದಿದ್ದ. ಚಾಳಿನ ಬಾಗಿಲಲ್ಲಿಯೇ ನಾಲ್ಕು ಜನ ಅವನನ್ನು ತಬ್ಬಿಕೊಂಡು ಧೈರ್ಯ ಹೇಳಿದ್ದರು. ಅವನು ಬದನೆಕಾಯಿ ಚೀಲವನ್ನು ಎದೆಗವಚಿಕೊಂಡು ಅಳುತ್ತ ಮೇಲೆ ಬಂದ. ತಾಯಿ ಬದುಕಿದ್ದಾಳೆ ಎಂದು ಅವನಿಗೆ ಮನವರಿಕೆ ಮಾಡಿಕೊಡಲು ಕಾಲು ತಾಸು ಹಿಡಿಯಿತು. ಮನವರಿಕೆಯಾದ ಮೇಲೆ ಸಂತೋಷಪಡುವುದು ಬಿಟ್ಟು ಅವನು ಸಿಟ್ಟಿಗೆದ್ದ.

"ಸಿಗಡಿ ಹಚ್ಚಂಗಿಲ್ಲ ಅಂತ ನನಗೊಂದ ಮಾತ ಹೇಳಾಕ ಏನಾಗಿತ್ತ?" ಎಂದ.

"ನಿನ್ನೆ ಹೇಳೀನಲ್ರೀ. ಹೂಂ ಅಂದ್ರಿ."

"ನಾ ಹೂಂ ಅಂದ್ರ ನೀ ಖರೇ ಅಂತ ತಿಳ್ಕೋತೀ?"

ಈ ಗದ್ದಲದಲ್ಲಿ ರಾಚವ್ವ ಬುಟ್ಟಿಗೆ ಮತ್ತೆ ಬಟ್ಟೆ ಮುಚ್ಚಿ ಕಂಕುಳಿಗೆ ಏರಿಸಿಕೊಂಡಿದ್ದಳು. ಸುಂದ್ರವ್ವ ನಾಚಿಕೆ ಬಿಟ್ಟು ಕೇಳಿಯೇಬಿಟ್ಟಳು. "ಹೆಂಗೂ ತಂದೀರಿ, ಒಂದ ರೊಟ್ಟಿ ಇಟ್ಟ ಹೋಗ್ರಿ, ಯಕ್ಕಾ."

"ಬಿಡ್ತು ಅನ್ನು," ಎಂದು ರಾಚವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ಸತ್ತ ಮನಿಗಂತ ತಂದ ಬುತ್ತಿ. ಬದುಕಿದ್ದೋರ ಮನ್ಯಾಗ ಇಟ್ಟು ನಿಮ್ಮತ್ತಿಗೆ ನಾನ ಕೇಡ ತರಲೇನು? ಆ ಪಾಪ ನನಗ ಬ್ಯಾಡವ್ವ." ಶಾಸ್ತ್ರ ಅವಳ ಕಡೆಗಿತ್ತು. ರೊಟ್ಟಿ ಹಬೆಯಾಡುತ್ತಲೇ ಹೊರಟುಹೋಯಿತು.

ಆರು ಮಂದಿ ಗಂಡಸರು ಒಳಗೆ ಬಂದು ಸಾಲಾಗಿ ಕುಳಿತರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲರೂ ಅವಳ ಆರೋಗ್ಯದ ಬಗ್ಗೆ ಕಾಳಜಿ ಮಾಡಿದರು. "ವೈನಿ ದಣದಾರ, ಅವರಿಗೆ ಆರಾಮ ಬೇಕು," ಎಂದ ಚಂದ್ರಾಮ. "ಹೌದಪಾ, ಆರಾಮ ಬೇಕು," ಎಂದರು ಉಳಿದವರು. ಹೀಗೆ ಅನ್ನುತ್ತ ಒಬ್ಬೊಬ್ಬರೂ ಸಿಗಡಿಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು. ಖಂಡಪ್ಪನದೂ ಸೇರಿ ಆ ಏಳು ಜೋಡಿ ಕಣ್ಣಿನ ನಡುವೆ ಆರಾಮವಾಗಿ ಕೂಡುವುದು ಕೂತವಳಿಗೇ ಗೊತ್ತು. ಕಡೆಗೆ ಅವರು ಎದ್ದು ಉಸಳ್-ಪಾವ್ ತಿಂದು ಬರುತ್ತೇವೆಂದು ಹೋದರು. ಖಂಡಪ್ಪನೂ ಅವರ ಹಿಂದೆ ಹೋದ. ನಿನಗೇನಾದರೂ ತರಲೇ ಎಂದು ಯಾರೂ ಕೇಳಲಿಲ್ಲ. ವೈನಿ ಹೊರಗಿನದನ್ನು ತಿನ್ನುವವಳಲ್ಲ ಎಂಬ ಗೌರವ ಅವರಿಗೆ.

ವಿನೋದಿನಿ ಬಾಗಿಲಲ್ಲಿ ತಲೆ ಹಾಕಿದಳು. "ಎಂತ ಅಕ್ಕ, ಇನ್ನೂ ಏನೂ ತಿಂದದ್ದಿಲ್ವಾ? ಎರಡು ಗಂಟೆ ಆಯ್ತಲ್ಲ ಮಾರಾಯ್ರೆ. ಬನ್ನಿ ನಮ್ಮಲ್ಲಿಗೆ. ರೊಟ್ಟಿ ನನಗೆ ಬರುವುದಿಲ್ಲ, ನೀರುದೋಸೆ ಹೊಯ್ದು ಕೊಡ್ತೇನೆ. ಬಿಸಿ ಬಿಸಿ ತಿನ್ನಿ."

ರೊಟ್ಟಿಯಲ್ಲದಿದ್ದರೇನು, ಬಿಸಿ ಎಂಬುದು ಮುಖ್ಯ. ಸುಂದ್ರವ್ವ ಅವಳ ಖೋಲಿಯಲ್ಲಿ ಮಣೆಯ ಮೇಲೆ ಕುಳಿತಳು. ಕಾವಲಿ ಚುಂಯ್ ಅಂದಿತು. ಮೊದಲನೆಯದು ಹರಿಯಿತು. ಎರಡನೆಯದು ಶೇಖರನಿಗೆ ಹೋಯಿತು. ಅವನಿಗೆ ಡ್ಯೂಟಿಗೆ ಹೊತ್ತಾಗಿತ್ತು. ದಿನವಿಡೀ ಕಂಡವರಿಗೆ ದೋಸೆ ಹೊಯ್ಯುವ ಅವನಿಗೆ ಹೆಂಡತಿಯ ಕೈಯ ದೋಸೆ ತಿನ್ನುವುದೊಂದೇ ಸುಖ, ಅದಕ್ಕೆ ಸುಂದ್ರವ್ವನೇ ಒತ್ತಾಯ ಮಾಡಿ ಕೊಡಿಸಿದಳು. ಮೂರನೆಯದು ಮಲ್ಲಿಗೆ ಎಸಳಿನ ಹಾಗೆ ಬೆಳ್ಳಗೆ ಎದ್ದು ಅವಳ ತಾಟಿಗೆ ಬಂದು ಬಿತ್ತು. ಅವಳು ಅಂಚು ಮುರಿಯಬೇಕು, ಅಷ್ಟರಲ್ಲಿ ನೀಲಾಬಾಯಿ ಬಂದಳು.

ನೀಲಾಬಾಯಿ ಒಂದನೇ ನಂಬರ್ ಖೋಲಿಯವಳು, ಗಿರಣಿ ಮೇಲ್ವಿಚಾರಕ ಮುಕಾದಮನ ಹೆಂಡತಿ, ಚಾಳಿನ ಮಹಿಳಾ ಮಂಡಳಿಯ ಅಧ್ಯಕ್ಷೆ. ಅದು ಎಪ್ಪತ್ತೈದನೇ ಇಸವಿ. ಮಹಿಳೆಯರ ವರ್ಷವೆಂದು ಜಗತ್ತೆಲ್ಲ ಸಾರಿದ್ದರು. ವರ್ಷ ಮುಗಿಯಲು ಬಂದರೂ ಮಂಡಳಿಯಿಂದ ಒಂದೂ ಕಾರ್ಯಕ್ರಮ ಆಗಿಲ್ಲವೆಂದು ಪಕ್ಕದ ಚಾಳಿನವರು ಆಡಿಕೊಳ್ಳುತ್ತಿದ್ದರು. ಆ ಮಾತು ತಾಳಲಾರದೆ ನೀಲಾಬಾಯಿ ಅಂದೇ ಮಧ್ಯಾಹ್ನ ಚಾಳಿನ ಅಂಗಳದಲ್ಲಿ ಸಭೆ ಇಟ್ಟುಕೊಂಡು, ಮಲಾಡಿನಿಂದ ಒಬ್ಬ ಭಾಷಣಗಾರ್ತಿಯನ್ನು ಕರೆಸಿದ್ದಳು. ವಿಷಯ, ಹೆಣ್ಣಿನ ಆರೋಗ್ಯ ಹೆಣ್ಣಿನ ಕೈಯಲ್ಲಿ.

"ಸುಂದ್ರವ್ವ, ನೀ ಇವತ್ತ ಸಿಗಡಿ ಹಚ್ಚಿಲ್ಲಂತ? ಇದೇನ ಲಹಾನ ಗೋಷ್ಟ ಅಲ್ಲ, ಸಣ್ಣ ಮಾತಲ್ಲ," ಎಂದಳು ನೀಲಾಬಾಯಿ. "ಭಾಷಣಕ್ಕ ಒಂದ ಉದಾಹರಣಿ ಬೇಕಾಗಿತ್ತು. ಚಾಳಿನ್ಯಾಗ ಒಬ್ಬಾಕಿನರ ತನ್ನ ಕಾಳಜಿ ತಾ ಮಾಡ್ಕೋತಾಳ ಅಂತ ನನಗ ಗೊತ್ತಿರ್ಲಿಲ್ಲ. ಏಳ, ಏಳ, ಸ್ಟೇಜ್ ಮ್ಯಾಲೆ ನಿಂದ ಸತ್ಕಾರ ಐತಿ."

"ಇದೊಂದ ದ್ವಾಸಿ ತಿಂದು ಬರ್ತೀನ್ರೀ."

"ಹೊಟ್ಟಿ ತುಂಬಿದ್ರ ಮಾರಿ ಮ್ಯಾಲೆ ನಿದ್ದಿ ಬರತೈತಿ. ಮಲಾಡಿನ ಪಾಹುಣಿ ಮುಂದ ತಾಜಾ ಕಾಣಬೇಕು. ಕಾರ್ಯಕ್ರಮ ಮುಗದ ಕೂಡಲೇ ನಮ್ಮ ಮನ್ಯಾಗ ನಾನ ನಿನಗ ಬಿಸಿ ರೊಟ್ಟಿ ಬಡದ ಹಾಕ್ತೀನಿ. ಎಷ್ಟ ಬೇಕು ಅಷ್ಟ ಉಣ್ಣು. ನನ್ನ ಮಾತ ಐತಿ."

ನೀಲಾಬಾಯಿ ಕೈ ಹಿಡಿದರೆ ಪೊಲೀಸರು ಹಿಡಿದ ಹಾಗೆ. ಸುಂದ್ರವ್ವ ಎದ್ದಳು. ಬಿಸಿ ರೊಟ್ಟಿ ಎಂದಿದ್ದಳಲ್ಲ, ಅದೇ ಧೈರ್ಯ.

ಮೂರು ಗಂಟೆಯ ಸಭೆಗೆ ಅತಿಥಿ ನಾಲ್ಕೂವರೆಗೆ ಬಂದರು. ಲೋಕಲ್ ತಡವಾಯಿತಂತೆ. ಅಂಗಳದಲ್ಲಿ ಹೆಂಗಸರು ಜಮಖಾನೆಯ ಮೇಲೆ, ಗಂಡಸರು ಹಿಂದೆ ಗೋಡೆಗೆ ಒರಗಿ. ಉಸಳ್-ಪಾವ್ ತಿಂದು ಬಂದ ಖಂಡಪ್ಪನೂ ಚಂದ್ರಾಮನೂ ಅಲ್ಲಿದ್ದರು. ಎರಡು ಬೆಂಚು ಕೂಡಿಸಿದ ವೇದಿಕೆಯ ಮೇಲೆ ಸುಂದ್ರವ್ವ ಶಾಲು ಹೊದ್ದುಕೊಂಡು, ತೆಂಗಿನಕಾಯಿ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಮುಂದಿನ ಮೇಜಿನ ಮೇಲೆ ಅತಿಥಿಗಳಿಗೆಂದು ತಾಟಿನಲ್ಲಿ ಬಟಾಟೆ ವಡೆ ಇಟ್ಟಿದ್ದರು. ಸುಂದ್ರವ್ವನ ಕಣ್ಣಿಗೆ ಬೇರೇನೂ ಕಾಣುತ್ತಿರಲಿಲ್ಲ. ವಡೆಯಿಂದ ಇನ್ನೂ ಹಬೆ ಏಳುತ್ತಿತ್ತು.

"ಸೋದರಿಯರೇ," ಎಂದು ಮಲಾಡಿನವರು ಶುರುಮಾಡಿದರು. ಗಟ್ಟಿಮುಟ್ಟಾದ ಹೆಂಗಸು, ಗಂಟಲೂ ಹಾಗೆಯೇ. "ನಾವು ನಮ್ಮನ್ನು ಪ್ರೀತಿಸುವುದನ್ನು ಕಲಿಯಬೇಕು. ಬೆಳಿಗ್ಗೆ ಎದ್ದು ಸಮುದ್ರದ ದಂಡೆಯಲ್ಲಿ ಒಂದು ಗಂಟೆ ನಡೆಯಬೇಕು. ನೆನೆಹಾಕಿದ ಬದಾಮಿಯನ್ನು ಸಿಪ್ಪೆ ತೆಗೆದು ತಿನ್ನಬೇಕು. ಮಧ್ಯಾಹ್ನ ಸೌತೆಕಾಯಿಯ ಬಿಲ್ಲೆಗಳನ್ನು ಕಣ್ಣಿನ ಮೇಲೆ ಇಟ್ಟುಕೊಂಡು ಮಲಗಬೇಕು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಬೆಳಿಗ್ಗೆ ಒಂದು ಗಂಟೆ ನಡೆದರೆ ನಳದಲ್ಲಿ ಪಾಳಿ ಹಿಡಿಯುವವರು ಯಾರು ಎಂದು ಅವರ ಚಿಂತೆ. ಸುಂದ್ರವ್ವನಿಗೆ ಮಾತ್ರ ಸೌತೆಕಾಯಿಯ ಮೇಲೆ ಸ್ವಲ್ಪ ಉಪ್ಪು ಬೀಳಬೇಕಿತ್ತು ಅನ್ನಿಸಿತು. ಅವಳು ಮೆಲ್ಲಗೆ ವಡೆಯ ಕಡೆ ಕೈ ಚಾಚಿದಳು.

"ಇದು," ಎಂದು ಮಲಾಡಿನವರು ಅದೇ ತಾಟನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ಕರಿದ ಪದಾರ್ಥ. ಇದು ವಿಷ. ಇದನ್ನು ನಮ್ಮ ಎದುರಿನಿಂದ ದೂರ ಮಾಡುವುದೇ ಆರೋಗ್ಯದ ಮೊದಲ ಹೆಜ್ಜೆ." ಮಂಡಳಿಯ ಸದಸ್ಯೆಯೊಬ್ಬಳು ಓಡಿಬಂದು ವಿಷವನ್ನು ದೂರ ಒಯ್ದಳು. ಅದು ಗಂಡಸರ ಕಡೆಗೆ ಹೋಗಿ ಅಲ್ಲಿ ನಾಶವಾಯಿತು.

ಭಾಷಣ ಒಂದು ತಾಸು ನಡೆಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡುವುದರ ಮಹತ್ವವೇ ಮುಕ್ಕಾಲು ತಾಸು. ಆಮೇಲೆ ನೀಲಾಬಾಯಿ ಎದ್ದು, ಸತ್ಕಾರ ಸ್ವೀಕರಿಸಿದವರು ಎರಡು ಮಾತು ಆಡಬೇಕೆಂದಳು. ಸುಂದ್ರವ್ವ ನಿಂತಳು. ತೆಂಗಿನಕಾಯಿಯನ್ನು ಮೇಜಿನ ಮೇಲಿಟ್ಟಳು.

"ನನಗ ಹಸಿವ್ಯಾಗೇತ್ರಿ," ಎಂದಳು.

ಮಲಾಡಿನವರು ಎದ್ದು ಅವಳ ಹೆಗಲ ಮೇಲೆ ಕೈಯಿಟ್ಟರು. "ಕೇಳಿದಿರಾ, ಸೋದರಿಯರೇ. ಒಂದೇ ಮಾತು. ಈ ತಾಯಿಗೆ ಹಸಿವೆಯಾಗಿದೆ. ಯಾವ ಹಸಿವೆ? ಜ್ಞಾನದ ಹಸಿವೆ. ಸ್ವಾತಂತ್ರ್ಯದ ಹಸಿವೆ." ಚಪ್ಪಾಳೆ ಬಿದ್ದಿತು. "ಅಲ್ರೀ, ಹೊಟ್ಟೀದು," ಎಂದು ಸುಂದ್ರವ್ವ ಹೇಳಿದ್ದು ಚಪ್ಪಾಳೆಯಲ್ಲಿ ಕರಗಿಹೋಯಿತು. ಗೋಡೆಗೆ ಒರಗಿದ್ದ ಖಂಡಪ್ಪ ವಡೆ ತಿಂದ ಕೈಯನ್ನು ಒರೆಸಿಕೊಂಡು ಎಲ್ಲರಿಗಿಂತ ಜೋರಾಗಿ ತಟ್ಟಿದ.

ಕೊನೆಗೆ ಠರಾವು. ನೀಲಾಬಾಯಿ ಕನ್ನಡಕ ಏರಿಸಿ ಓದಿದಳು. ಇನ್ನು ಮುಂದೆ ಪ್ರತಿ ಭಾನುವಾರ ಈ ಚಾಳಿನ ಯಾವ ಹೆಂಗಸೂ ಒಲೆ ಹಚ್ಚತಕ್ಕದ್ದಲ್ಲ. ಅದು ಹೆಣ್ಣಿನ ವಿಶ್ರಾಂತಿಯ ದಿನ. ಸುಂದ್ರವ್ವ ತೋರಿಸಿದ ದಾರಿಯಲ್ಲಿ ಮೂವತ್ತೆರಡು ಖೋಲಿಗಳೂ ನಡೆಯತಕ್ಕದ್ದು.

ಸುಂದ್ರವ್ವನ ಹಸಿವೆ ಒಂದು ಕ್ಷಣ ಎಲ್ಲಿ ಹೋಯಿತೋ. ವಾರವಾರ ಒಂದು ದಿನ. ಗೋಡೆ ನೋಡುತ್ತ ಕೂತರೂ ಯಾರು ಸತ್ತರು ಎಂದು ಯಾರೂ ಕೇಳುವ ಹಾಗಿಲ್ಲ. ಅವಳಿಗೆ ಅಳು ಬಂತು, ಈ ಸಲ ಸಂತೋಷದ್ದು. ಒಪ್ಪಿಗೆ ಇದ್ದವರು ಕೈ ಎತ್ತಿರಿ ಎಂದಾಗ ಇಡೀ ಸಭೆಯಲ್ಲಿ ಮೊದಲು ಎದ್ದದ್ದು ಅವಳ ಕೈ.

"ಯಾವಾಗಿಂದ ಶುರು ಮಾಡೂಣು?" ಎಂದಳು ನೀಲಾಬಾಯಿ.

"ಇವತ್ತಿನಿಂದನ ಆಗ್ಲಿ ಬಿಡ್ರಿ," ಎಂದಳು ಸುಂದ್ರವ್ವ. "ಒಳ್ಳೇ ಕೆಲಸಕ್ಕ ತಡಾ ಯಾಕ?"

ಮತ್ತೆ ಚಪ್ಪಾಳೆ. ಚಪ್ಪಾಳೆ ನಿಂತ ಮೇಲೆ ಹಿಂದಿನ ಗೋಡೆಯ ಕಡೆಯಿಂದ ರಾಚವ್ವನ ಗಂಡನ ದನಿ ಬಂತು. "ಆತು, ಛಲೋ ಆತು. ಇವತ್ತ ಸಂಜೀಕ ನಾವು ಉಣ್ಣೂದೇನ?"

ಮಲಾಡಿನವರು ಕೈಗಡಿಯಾರ ನೋಡಿ, ತಮ್ಮ ಗಾಡಿಗೆ ಹೊತ್ತಾಯಿತೆಂದು ಎದ್ದರು. ಹೆಣ್ಣಿನ ವಿಶ್ರಾಂತಿ ಎಲ್ಲಿ ಅಂಗಳದಲ್ಲೇ ಕೊನೆಯುಸಿರೆಳೆಯುತ್ತದೋ ಎಂದು ಸುಂದ್ರವ್ವ ಹೆದರಿದಳು. ಯಾರಾದರೂ ಏನಾದರೂ ಉಪಾಯ ಹೇಳಲಿ ಎಂದು ದೇವರನ್ನು ಬೇಡಿಕೊಂಡಳು.

ಚಂದ್ರಾಮ ಹೇಳಿದ. ಬೆಳಗಿನ ತಪ್ಪಿಗೆ ಏನಾದರೂ ಒಳ್ಳೆಯದು ಮಾಡಬೇಕೆಂದು ಅವನು ಆಗಿನಿಂದ ಕಾಯುತ್ತಿದ್ದ. "ಅದಕ್ಯಾಕ ಇಷ್ಟ ಚಿಂತಿ ಮಾಡ್ತೀರಿ?" ಎಂದು ಎದ್ದು ನಿಂತ. "ನಮ್ಮ ವೈನಿದು ಖಾನಾವಳಿ ಐತಲ್ಲ. ಮೂವತ್ತೆರಡೂ ಖೋಲಿಗೆ ಅಲ್ಲಿಂದ ರೊಟ್ಟಿ ಹೋಗ್ಲಿ. ಯಾವ ಹೆಣ್ಮಗಳೂ ಒಲಿ ಹಚ್ಚೂದ ಬ್ಯಾಡ."

ಅಂಥ ಚಪ್ಪಾಳೆ ಮಲಾಡಿನವರಿಗೂ ಬಿದ್ದಿರಲಿಲ್ಲ. ಹೆಂಗಸರು ಎದ್ದು ಬಂದು ಸುಂದ್ರವ್ವನ ಕೈ ಹಿಡಿದು ಹರಸಿದರು. ನಮಗೆ ಹತ್ತು, ನಮ್ಮಲ್ಲಿ ಹದಿನೈದು, ಮುದುಕರಿಗೆ ಸ್ವಲ್ಪ ಮೆತ್ತಗಿರಲಿ ಎಂದು ಆಗಲೇ ಲೆಕ್ಕ ಒಪ್ಪಿಸತೊಡಗಿದರು. ಸುಂದ್ರವ್ವ ಎಲ್ಲರ ನಡುವೆ ದಾರಿ ಮಾಡಿಕೊಂಡು ನೀಲಾಬಾಯಿಯ ಸೆರಗು ಹಿಡಿದಳು.

"ಬಾಯಾರ, ನನಗ ಬಿಸಿ ರೊಟ್ಟಿ ಬಡದ ಹಾಕ್ತೀನಿ ಅಂದಿದ್ರಿ."

"ಅಂದಿದ್ದೆ, ಸುಳ್ಳಲ್ಲ," ಎಂದಳು ನೀಲಾಬಾಯಿ. "ಆದ್ರ ಇವತ್ತಿನಿಂದನ ಅಂತ ನೀನ ಹೇಳ್ದಿ. ಅಧ್ಯಕ್ಷ ಆಗಿ ನಾನ ಒಲಿ ಹಚ್ಚಿ ಠರಾವು ಮುರೀಲೇನು?"

"ಹಂಗಾರ ನನ್ನ ವಿಶ್ರಾಂತಿ ಯಾವಾಗ್ರಿ?"

ನೀಲಾಬಾಯಿ ಠರಾವಿನ ವಹಿಯನ್ನು ಅವಳ ಮುಂದೆ ಚಾಚಿ, ಹೆಬ್ಬೆಟ್ಟಿಗೆ ತಾನೇ ಪ್ರೀತಿಯಿಂದ ಮಸಿ ಹಚ್ಚುತ್ತ ಹೇಳಿದಳು. "ನಿಂದು ಮುಂಜಾನಿಂದ ಆತಲ್ಲವ್ವ."